ಪುನುಗು ಬೆಕ್ಕು ಹಾಕಿದ ತಳಪಾಯ

ಏಳು ಗುಡ್ಡ ಹತ್ತಿ ಇಳಿದರೂ ಅಂಚು ಸಿಗದಂಥ ಒಂದು ಕಾಡಿನಲ್ಲಿ ಕೆಂಚವ್ವ ಅನ್ನುವ ಮುಂಗುಸಿ ಇದ್ದಳು. ಆ ಕಾಡಿನ ನೆಲವೆಲ್ಲ ಎರೆ ಮಣ್ಣು. ಕಪ್ಪು ಅಂದರೆ ಅಂಥಿಂಥ ಕಪ್ಪಲ್ಲ. ಅಲ್ಲಿ ಕಾಗೆ ಬಂದು ಕೂತರೆ ಕಾಗೆಯೇ ಬೆಳ್ಳಗೆ ಕಾಣುತ್ತಿತ್ತು. ಬೇಸಿಗೆಯಲ್ಲಿ ಆ ಮಣ್ಣು ಒಣಗಿ ಕಲ್ಲಾಗಿ ಬಿರಿಯುತ್ತಿತ್ತು. ಒಂದು ಸಲ ಒಂದು ಕಡವೆ ಅಂಥ ಬಿರುಕಿನಲ್ಲಿ ಕಾಲು ಜಾರಿ ಮೂರು ದಿನ ಬೀಳುತ್ತಲೇ ಇತ್ತು. ಹಸಿವಾದಾಗ ಪಕ್ಕದ ಬೇರು ಮೇಯುತ್ತಾ ಬಿದ್ದಿತು. ಮಳೆ ಬಂತೋ, ಅದೇ ಮಣ್ಣು ನೆನೆಸಿಟ್ಟ ಕಡಲೆಯ ಹಾಗೆ ಉಬ್ಬಿ, ಮೇಲಿರುವ ಮನೆಗಳನ್ನೆಲ್ಲ ಎತ್ತಿ ಕುಕ್ಕುತ್ತಿತ್ತು. ಸುಳ್ಳು ಅನ್ನುವವರು ಒಂದು ಮಳೆಗಾಲ ಅಲ್ಲಿ ಬಿಡಾರ ಹೂಡಿ ನೋಡಲಿ.

ಕೆಂಚವ್ವನಿಗೆ ಆಗ ತುಂಬು ಬಸುರು. ಹಿಂದಿನ ವರ್ಷ ಅವಳು ಮೂರು ಮರಿ ಹಾಕಿದ್ದಳು. ಮಳೆಗಾಲದಲ್ಲಿ ಬಿಲದ ನೆಲ ಕೆಳಗಿನಿಂದ ತೇವ ಎಳೆದುಕೊಂಡು ಮಂಜಿನ ಹಾಗೆ ತಣ್ಣಗಾಯಿತು. ಮರಿಗಳ ಹೊಟ್ಟೆ ಸದಾ ಒದ್ದೆ. ಎದೆ ಗೊರಗೊರ ಅನ್ನತೊಡಗಿತು. ಆರಿದ್ರಾ ಮಳೆ ಮುಗಿಯುವುದರೊಳಗೆ ಒಂದು ಮರಿ ಹೋಯಿತು. ಕೆಂಚವ್ವ ಅದನ್ನು ಯಾರ ಮುಂದೆಯೂ ಹೇಳಿಕೊಂಡು ಅಳಲಿಲ್ಲ. 'ಈ ಸಲ ನನ್ನ ಮಕ್ಕಳು ಒದ್ದೆ ನೆಲದ ಮೇಲೆ ಮಲಗಬಾರದು' ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಮೃಗಶಿರಾ ಮಳೆಗೆ ಇನ್ನು ಇಪ್ಪತ್ತೇ ದಿನ ಇತ್ತು.

ಅವಳು ಮೊದಲು ಹೋಗಿದ್ದು ಚಿಪ್ಪಜ್ಜನ ಹತ್ತಿರ. ಚಿಪ್ಪಜ್ಜ ಅಂದರೆ ಕಾಡಿನ ಅತಿ ಹಳೆಯ ಚಿಪ್ಪುಹಂದಿ. ಹರೆಯದಲ್ಲಿ ಅವನು ಅಗೆಯುತ್ತಾ ಹೋದರೆ ಮಣ್ಣು ಹಿಂದೆ ಗುಡ್ಡ ಬೀಳುತ್ತಿತ್ತಂತೆ. ಆ ಏಳು ಗುಡ್ಡಗಳಲ್ಲಿ ಎರಡು ಅವನವೇ.

"ಅಜ್ಜ, ಬೆಚ್ಚಗಿನ ಮನೆ ಕಟ್ಟಬೇಕು. ಎಲ್ಲಿಂದ ಶುರು ಮಾಡಲಿ?" ಎಂದಳು ಕೆಂಚವ್ವ.

"ಎಲ್ಲರೂ ಮೇಲಿಂದ ಶುರು ಮಾಡ್ತಾರೆ. ನೀನು ಕೆಳಗಿಂದ ಶುರು ಮಾಡವ್ವ," ಎಂದ ಚಿಪ್ಪಜ್ಜ. "ಈ ಎರೆ ಮಣ್ಣನ್ನ ನಂಬಬೇಡ. ಬೇಸಿಗೇಲಿ ಗಟ್ಟಿ ಐತೆ ಅಂತ ಇದರ ಮೇಲೆ ಮನೆ ಕಟ್ಟೋನು ಮಲಗಿದ ಎಮ್ಮೆ ಮೇಲೆ ಮನೆ ಕಟ್ಟಿದಂಗೆ. ಎಮ್ಮೆ ಎದ್ದಾಗ ಗೊತ್ತಾಗ್ತದೆ. ಕೆಳಗೆ ಕೆಂಪು ಗರಸು ಮಣ್ಣು ಸಿಗೋವರೆಗೂ ಅಗಿ. ಉಗುರು ತಾಗಿದರೆ 'ಕರ್' ಅನ್ನಬೇಕು. ಅಲ್ಲಿ ಕಲ್ಲುಗಳನ್ನ ಚಪ್ಪಟೆ ಮಲಗಿಸಬೇಡ, ಒತ್ತೊತ್ತಿಗೆ ನಿಲ್ಲಿಸು. ಸಂದಿಗೆಲ್ಲ ಚೂರುಗಲ್ಲು ಬಡಿ. ಮೇಲೆ ಹಳ್ಳದ ಮರಳು. ಮರಳಿಗೆ ನೀರು ಕುಡಿಸು, ಅದು ತಾನಾಗಿ ಕೂರಲಿ."

"ಆಮೇಲೆ?"

"ಆಮೇಲೆ ಒಂದು ಗೇಣು ಇದ್ದಿಲು ಚೂರು. ಕಾಡ್ಗಿಚ್ಚು ಬಿದ್ದ ಕಡೆ ಬೇಕಾದಷ್ಟು ಸಿಗ್ತದೆ. ತೇವ ಮೇಲಕ್ಕೆ ಹತ್ತದಂಗೆ ಇದ್ದಿಲು ತಡೀತದೆ. ಅದರ ಮೇಲೆ ಬೂದಿ ಬೆರೆಸಿದ ಮಣ್ಣು ಹಾಕಿ ಗಟ್ಟಿಯಾಗೋವರೆಗೂ ಬಡಿದು ಧಮ್ಮಸ್ಸು ಮಾಡು. ಕೊನೆಗೆ ಕಾಡುಕೋಣದ ಸಗಣಿ ಸಾರಿಸು. ಒಳಗಿನ ನೆಲ ಹೊರಗಿನ ನೆಲಕ್ಕಿಂತ ಒಂದು ಮೊಳ ಮೇಲಿರಲಿ. ಗೋಡೆ ಎರಡು ಪದರ ಕಟ್ಟು, ನಡುವೆ ಒಣಹುಲ್ಲು ತುಂಬು. ಹೊರಗಿನ ಚಳಿ ಹೊರಗಿನ ಗೋಡೇಲೇ ಕೂತ್ಕೊಂಡು ಬೇಜಾರಾಗಿ ಎದ್ದು ಹೋಗ್ತದೆ."

"ನೀನೇ ಬಂದು ಹಾಕಿಕೊಡಜ್ಜ."

ಚಿಪ್ಪಜ್ಜ ಮುಂಗಾಲು ಚಾಚಿ ತೋರಿಸಿದ. "ನೋಡು, ಉಗುರೆಲ್ಲ ಸವೆದು ಹೋದವು. ಬಾಯಿ ಒಂದು ಸವೆದಿಲ್ಲ."

ಕೆಂಚವ್ವನ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಅಷ್ಟು ಆಳ ಅವಳೊಬ್ಬಳಿಂದ ಅಗೆಯಲು ಆಗುವ ಮಾತಲ್ಲ. ಹಾಗಾಗಿ ಅವಳು ಗಂಧಣ್ಣನನ್ನು ಕರೆಸಿದಳು.

ಗಂಧಣ್ಣ ಅನ್ನುವುದು ಒಂದು ಪುನುಗು ಬೆಕ್ಕು. ಕಾಡಿಗೆಲ್ಲ ಅವನೇ ಮನೆ ಕಟ್ಟುವ ಮೇಸ್ತ್ರಿ. ಅವನು ಬರುವ ಮೊದಲು ಅವನ ಪರಿಮಳ ಬಂದು ಬಾಗಿಲಲ್ಲಿ ನಿಂತು, "ಮೇಸ್ತ್ರಿ ಬರ್ತಾ ಇದ್ದಾರೆ" ಎಂದು ಹೇಳುವ ಹಾಗಿತ್ತು. ಮುಳ್ಳುಹಂದಿ ಸೂಜಿಯಪ್ಪನ ಮನೆ ಅವನದೇ ಕೆಲಸ. ಮೊಲ ಬೆಳ್ಳಕ್ಕನ ಮನೆಯೂ ಅವನದೇ. ಗೋಡೆ ಎಷ್ಟು ನುಣುಪು ಅಂದರೆ ಅದರ ಮೇಲೆ ಕೂರಲು ಬಂದ ನೊಣ ಜಾರಿ ಜಾರಿ ಸುಸ್ತಾಗಿ ನಡೆದುಕೊಂಡು ಮನೆಗೆ ಹೋಗುತ್ತಿತ್ತು.

ಗಂಧಣ್ಣ ಜಾಗ ನೋಡಿದ. ಬಾಲದಿಂದ ಅಳೆದ. "ಎಲ್ಲ ಆಗ್ತದೆ ತಾಯಿ. ನೀನು ಕಲ್ಲು ತಂದು ಹಾಕು, ಮಿಕ್ಕಿದ್ದು ನನಗೆ ಬಿಡು. ಮುಗಿದ ಮೇಲೆ ಒಂದು ಗೊನೆ ಈಚಲ ಹಣ್ಣು ಕೊಟ್ಟರೆ ಸಾಕು. ನಿನ್ನಂಥ ಬಸುರಿ ಹೆಂಗಸಿನ ಹತ್ತಿರ ಹೆಚ್ಚು ಕೇಳಿದರೆ ನನ್ನ ನಾಲಿಗೆ ಬಿದ್ದು ಹೋದೀತು."

ಕೆಂಚವ್ವ ಹಳ್ಳಕ್ಕೆ ಹೋದಳು. ಬೇಸಿಗೆಗೆ ಒಣಗಿದ ಹಳ್ಳದ ತಳದಲ್ಲಿ ಹಸಿರು ಛಾಯೆಯ ಹಾಸುಗಲ್ಲುಗಳಿದ್ದವು. ಒಂದೊಂದನ್ನೇ ಎದೆಯಿಂದ ನೂಕುತ್ತಾ ತಂದಳು. ಐದು ದಿನಕ್ಕೆ ಎಪ್ಪತ್ತು ಕಲ್ಲಾಯಿತು. ಸುಡುವ ನೆಲದಲ್ಲಿ ಅವಳ ಅಂಗಾಲು ಸುಲಿದವು. ಪ್ರತಿ ಕಲ್ಲಿಗೂ ಒಂದು ಸಲ ಹೊಟ್ಟೆ ಸವರಿಕೊಂಡು, "ಇನ್ನೊಂದೇ ಕಣ್ರೋ ಮಕ್ಕಳಾ" ಎನ್ನುತ್ತಿದ್ದಳು.

ತಳಪಾಯ ತುಂಬುವ ದಿನ ಬಂತು. ಗಂಧಣ್ಣ ಕಹಿಬೇವಿನ ಸೊಪ್ಪು ಹಿಡಿದು ಬಾಗಿಲಲ್ಲಿ ನಿಂತ.

"ತಾಯಿ, ಇವತ್ತು ನೀನು ಇಲ್ಲಿರಬಾರದು."

"ಯಾಕಪ್ಪ? ನನ್ನ ಮನೆ!"

"ಅದಕ್ಕೇ. ತುಂಬೋವಾಗ ಮನೆಯ ಒಡತಿ ತಳಪಾಯ ನೋಡಿದರೆ ದೃಷ್ಟಿ ಆಗ್ತದೆ. ಅದರಲ್ಲೂ ಬಸುರಿ ಕಣ್ಣು! ಹುಟ್ಟೋ ಮರಿಗಳ ಕಣ್ಣು ತೆರೆಯೋದಿಲ್ಲ. ನನ್ನ ಮಾತಲ್ಲ, ಹಿರಿಯರು ಮಾಡಿಟ್ಟ ಕಟ್ಟಳೆ. ಸೂಜಿಯಪ್ಪನನ್ನ ಕೇಳು, ಬೆಳ್ಳಕ್ಕನನ್ನ ಕೇಳು. ಯಾರೂ ನೋಡಿಲ್ಲ."

ಮರಿಗಳ ಕಣ್ಣಿನ ಮಾತು ಬಂದ ಮೇಲೆ ಕೆಂಚವ್ವ ಎದುರಾಡದೆ ಹೊರಟಳು. ತಲೆ ತಗ್ಗಿಸಿ ಗುಡ್ಡದ ಆಚೆ ಹೋಗಿ ಕೂತಳು. ಮೂರು ದಿನ ಅಲ್ಲೇ ಇದ್ದಳು.

ಬಂದು ನೋಡಿದರೆ ಮನೆ ಸಿದ್ಧ! ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಗೋಡೆಯ ಮೇಲೆ ಕೆಮ್ಮಣ್ಣಿನ ಬಳ್ಳಿ ಬರೆದಿತ್ತು. ಕೆಂಚವ್ವನ ಕಣ್ಣು ತುಂಬಿ ಬಂತು. ಈಚಲ ಗೊನೆಯ ಜೊತೆ ನಾಲ್ಕು ಮೊಟ್ಟೆ ಸೇರಿಸಿ ಕೊಟ್ಟಳು.

ಸುದ್ದಿ ಕೇಳಿ ಚಿಪ್ಪಜ್ಜ ಮೆಲ್ಲಗೆ ನಡೆದುಕೊಂಡು ಬಂದ. ಒಳಗೆ ಬಂದವನು ಬಳ್ಳಿ ನೋಡಲಿಲ್ಲ, ಗೋಡೆ ಸವರಲಿಲ್ಲ. ಬಾಲದಿಂದ ನೆಲಕ್ಕೆ ಒಂದು ಸಲ ಬಡಿದ. 'ಬುಸ್' ಅಂತು.

"ಒಂದು ಸೋರೆಬುರುಡೆ ನೀರು ಮೂಲೆಗೆ ಸುರಿ," ಎಂದ.

ಕೆಂಚವ್ವ ಸುರಿದಳು. ನೀರು ನೆಲದ ಮೇಲೆ ಒಂದು ಸುತ್ತು ತಿರುಗಿ, ನೆಂಟರ ಮನೆಗೆ ಬಂದ ಹಾಗೆ ಸೀದಾ ಒಳಕ್ಕೆ ಹೋಯಿತು. ಮರುದಿನ ಬೆಳಗ್ಗೆ ಆ ಮೂಲೆ ತೊಟ್ಟಿಲಿನಂತೆ ಕುಸಿದಿತ್ತು.

ಅವಳು ಗಂಧಣ್ಣನ ಮನೆಗೆ ಓಡಿದಳು. ಅವನ ಮನೆ ಕಾಡಿಗೇ ದೊಡ್ಡದು. ಬಾಗಿಲು ಮುಟ್ಟಬೇಕಾದರೆ ಎಂಟು ಮೆಟ್ಟಿಲು ಹತ್ತಬೇಕು.

"ನೆಲ ಕುಸೀತು ಗಂಧಣ್ಣ!"

"ಕುಸೀಲೇಬೇಕು ತಾಯಿ," ಎಂದ ಗಂಧಣ್ಣ, ಈಚಲ ಬೀಜ ಉಗುಳುತ್ತಾ. "ಹೊಸ ಮನೆಗೆ ಬಾಯಾರಿಕೆ, ಹಸಿವು ಎರಡೂ ಇರ್ತವೆ. ಮೊದಲ ಪಾಲಿನ ಕಲ್ಲು ತಿಂದಿದೆ, ಎರಡನೇ ಪಾಲು ಕೇಳ್ತಾ ಇದೆ. ಇನ್ನೊಂದು ನಲವತ್ತು ಕಲ್ಲು ತಂದು ಹಾಕು."

"ಬಗೆದು ನೋಡೋಣವಾ?"

"ಅಯ್ಯಯ್ಯೋ! ಬಗೆದೀಯ ಮತ್ತೆ! ಮರಿಗಳ ಕಣ್ಣು, ಮರಿಗಳ ಕಣ್ಣು!"

ಕೆಂಚವ್ವ ಮತ್ತೆ ಹಳ್ಳಕ್ಕೆ ಇಳಿದಳು. ಈಗ ಕಲ್ಲು ನೂಕಿದರೆ ಕಣ್ಣು ಕತ್ತಲೆ ಬರುತ್ತಿತ್ತು. ದಾರಿಯಲ್ಲಿ ಬೆಳ್ಳಕ್ಕ ಸಿಕ್ಕಳು. ಬಾಯಲ್ಲಿ ಕಚ್ಚಿಕೊಂಡಿದ್ದ ಬಿಳಿ ಬೆಣಚುಕಲ್ಲನ್ನು ಕೆಳಗಿಟ್ಟು, "ನಿನ್ನ ಮನೇದು ಎಷ್ಟನೇ ಪಾಲಕ್ಕ?" ಎಂದು ಕೇಳಿದಳು.

"ಎರಡನೇದು."

"ಪುಣ್ಯವಂತೆ. ನಂದು ಐದನೇದು. ಸೂಜಿಯಪ್ಪನದು ಏಳು. ನಮ್ಮ ಮನೆಗಳಿಗೆ ಅದೇನು ಹೊಟ್ಟೆಯೋ!"

ಕೆಂಚವ್ವನಿಗೆ ಅನುಮಾನ ಬಂತು. ಬಂದ ಅನುಮಾನದ ಹಿಂದೆಯೇ ಹೆದರಿಕೆಯೂ ಬಂತು. ಬಗೆಯಲು ಉಗುರು ಎತ್ತುವಳು, ಹೊಟ್ಟೆಯಲ್ಲಿ ಮರಿ ಒದೆಯುವುದು, ಉಗುರು ಇಳಿಸುವಳು. ಹೀಗೆ ಎರಡು ದಿನ ಹೋಯಿತು. ಆಕಾಶದ ಪಡುವಣ ಮೂಲೆಯಲ್ಲಿ ಮೋಡ ಕಾಣಿಸಿಕೊಂಡಿತು. ಮಳೆಗೆ ಇನ್ನು ಆರೇ ದಿನ.

ಆ ದಿನ ಬೆಳಗ್ಗೆ ಗಂಧಣ್ಣನೇ ಓಡಿ ಬಂದ. ಪರಿಮಳ ಮುಂದೆ ಬರಲಿಲ್ಲ. ಹೆದರಿಕೆಗೆ ಅದೆಲ್ಲ ಕೆಟ್ಟು, ಹಳಸಿದ ಮಜ್ಜಿಗೆಯ ವಾಸನೆ ಹಿಂದೆ ಹಿಂದೆ ಬರುತ್ತಿತ್ತು.

"ಕೆಂಚವ್ವಾ! ನನ್ನ ಮನೆ ನೆಲದ ಕೆಳಗೆ ನಾಗರಹಾವು ಸೇರಿಕೊಂಡಿದೆ! ನೆಲದಡಿಯಿಂದ ಬುಸುಗುಡ್ತದೆ. ಮೂರು ದಿನ ಆಯ್ತು, ನಾನು ಒಂದೇ ಕಾಲಿನ ಮೇಲೆ ನಿದ್ದೆ ಮಾಡ್ತಾ ಇದೀನಿ. ಹಾವಿಗೆ ಹೆದರದವಳು ಅಂದರೆ ಕಾಡಿನಲ್ಲಿ ನೀನೊಬ್ಬಳೇ. ಬಾ ನನ್ನವ್ವ! ಅದನ್ನ ಓಡಿಸು. ನಾಳೆಯೇ ನಿನ್ನ ನೆಲ ಸರಿ ಮಾಡಿಕೊಡ್ತೀನಿ."

ಬಸುರಿ ಮುಂಗುಸಿಗೆ ಹಾವಿನ ಜೊತೆ ಜಗಳ ಬೇಡದ ಕೆಲಸ. ಆದರೆ 'ನಾಳೆಯೇ' ಅನ್ನುವ ಮಾತು ಅವಳನ್ನು ಎಬ್ಬಿಸಿತು. ಆರು ದಿನದಲ್ಲಿ ಒಂದು ದಿನ ಹೋದರೂ ಐದು ಉಳಿಯುತ್ತವೆ. ಅವಳು ಹೋದಳು. ಎಂಟು ಮೆಟ್ಟಿಲು ಹತ್ತುವುದರೊಳಗೆ ಏದುಸಿರು ಬಂತು. ಒಳಗೆ ಹೋಗಿ ನೆಲಕ್ಕೆ ಕಿವಿ ಇಟ್ಟಳು. ಕೆಳಗೆ ಹಾವು ಹರಿಯುವ ಸದ್ದು ಕಲ್ಲಿನಿಂದ ಕಲ್ಲಿಗೆ ಸರಸರ ದಾಟುತ್ತಿತ್ತು.

"ಇದು ಸಣ್ಣ ಜಾಗದಲ್ಲಿಲ್ಲ ಗಂಧಣ್ಣ. ಇಡೀ ನೆಲದ ಕೆಳಗೆ ಓಡಾಡ್ತಾ ಇದೆ. ನೆಲ ಕಿತ್ತರೆ ಮಾತ್ರ ಸಿಕ್ಕೀತು."

ಗಂಧಣ್ಣ ಅಡ್ಡ ಬಂದ. "ನೆಲ ಕೀಳೋದು ಬೇಡ! ಮೇಲಿಂದಲೇ ಕರಿ."

"ಕರೆದರೆ ಬರೋಕೆ ಅದೇನು ನನ್ನ ನಾದಿನಿಯಾ?"

"ಹಾಗಲ್ಲ... ತಳಪಾಯ... ದೃಷ್ಟಿ..."

"ದೃಷ್ಟಿ ತಾಗೋದು ಮನೆಯ ಒಡೆಯನ ಕಣ್ಣಿಂದ ತಾನೆ? ನೀನು ಗುಡ್ಡದ ಆಚೆ ಹೋಗಿ ಕೂತ್ಕೋ. ನಾವು ಕೀಳ್ತೀವಿ," ಎಂದಳು ಕೆಂಚವ್ವ.

ನೆಲದ ಕೆಳಗಿನಿಂದ ಗಂಧಣ್ಣನ ಕಾಲಿನ ನೇರಕ್ಕೇ 'ಬುಸ್ಸ್' ಅಂತು. ಅವನು ಎಂಟು ಮೆಟ್ಟಿಲನ್ನೂ ಒಂದೇ ನೆಗೆತಕ್ಕೆ ದಾಟಿ ಹೊರಗೆ ಬಿದ್ದ. ಗುಡ್ಡದ ಆಚೆ ಮಾತ್ರ ಹೋಗಲಿಲ್ಲ. ಒಂದು ಪೊದೆಯ ಮರೆಗೆ ನಿಂತು ಇಣುಕುತ್ತಿದ್ದ.

ಕೆಂಚವ್ವ ಕೂಗು ಹಾಕಿದಳು. ಸೂಜಿಯಪ್ಪ ಬಂದ, ಬೆಳ್ಳಕ್ಕ ಬಂದಳು. ಚಿಪ್ಪಜ್ಜ ಎಲ್ಲರಿಗಿಂತ ಮೊದಲು ಹೊರಟು ಎಲ್ಲರಿಗಿಂತ ಕೊನೆಗೆ ಬಂದ. ಸೂಜಿಯಪ್ಪ ಸಾರಣೆಯ ಮಣ್ಣು ಎಬ್ಬಿಸಿದ. ಕೆಳಗೆ ಮರಳಿಲ್ಲ, ಇದ್ದಿಲಿಲ್ಲ; ಬರೀ ಕಲ್ಲು. ಸಾಲಿಲ್ಲ, ಒತ್ತಿಲ್ಲ. ಬುಟ್ಟಿಯಿಂದ ಸುರಿದ ಹಾಗೆ ಆಳುದ್ದ ರಾಶಿ ಬಿದ್ದಿತ್ತು. ಸಂದಿಗಳಲ್ಲಿ ಹಾವೇನು, ಹಾವಿನ ದಿಬ್ಬಣವೇ ಹೋಗಬಹುದಿತ್ತು.

ಸೂಜಿಯಪ್ಪ ಮೊದಲ ಕಲ್ಲು ಎತ್ತಿದವನು ಹಾಗೇ ನಿಂತ. ತಿರುಗಿಸಿ ನೋಡಿದ. ಅದರ ಅಂಚಿನಲ್ಲಿ ಹಲ್ಲಿನ ಗುರುತು ಇತ್ತು.

"ಇದು ನನ್ನ ಕಲ್ಲು! ಹಲ್ಲಿನಿಂದ ಕಡಿದು ಗುಡ್ಡದಿಂದ ಬಿಡಿಸಿಕೊಂಡು ಬಂದದ್ದು. ನನ್ನ ಮನೆ ತಳಪಾಯಕ್ಕೆ ಅಂತ ಕೊಟ್ಟಿದ್ದೆ!"

"ಇದು ನನ್ನ ಬೆಣಚುಕಲ್ಲು!" ಎಂದಳು ಬೆಳ್ಳಕ್ಕ. "ಇದೂ ನಂದೇ. ಇಗೋ, ಇದೂ!"

ಕೆಂಚವ್ವ ಸುತ್ತಿ ಹೋಗಿ ನೋಡಿದಳು. ರಾಶಿಯ ಆ ಬದಿಯಲ್ಲಿ ಅವಳ ಹಸಿರು ಹಾಸುಗಲ್ಲುಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದಕ್ಕೆ ಅವಳ ಅಂಗಾಲಿನ ರಕ್ತ ಒಣಗಿ ಅಂಟಿತ್ತು.

ಅಷ್ಟರಲ್ಲಿ ಕಲ್ಲುಗಳ ನಡುವಿನಿಂದ ನಾಗರಹಾವು ನಿಧಾನವಾಗಿ ತಲೆ ಎತ್ತಿತು. ಎಲ್ಲರೂ ಹಿಂದೆ ಸರಿದರು. ಕೆಂಚವ್ವ ಸರಿಯಲಿಲ್ಲ. ಹಾವು ಅವಳ ಹೊಟ್ಟೆ ನೋಡಿತು, ಅವಳ ಹಲ್ಲು ನೋಡಿತು. ಹೆಡೆ ಇಳಿಸಿತು.

"ಜಗಳ ಬೇಡ ಕೆಂಚವ್ವ. ನಾನು ಯಾರ ಮನೆಯನ್ನೂ ಕದ್ದಿಲ್ಲ. ಇಷ್ಟು ಸಂದು ಬಿಟ್ಟು ಕಲ್ಲು ಸುರಿದರೆ ಅದು ತಳಪಾಯ ಅಲ್ಲ, ಹುತ್ತ. ಹುತ್ತ ಖಾಲಿ ಇದ್ದರೆ ಹಾವು ಬರ್ತದೆ. ನೀವು ಮುಚ್ಚಳ ತೆಗೆದು ಗಾಳಿ ಬಿಟ್ಟಿರಿ, ಇನ್ನು ನನಗೂ ಇಲ್ಲಿ ಚಳಿ." ಹೀಗೆ ಹೇಳಿ ಅದು ಕಲ್ಲುಗಳ ಮೇಲೆ ಹರಿದು, ಗಂಧಣ್ಣ ಅಡಗಿದ್ದ ಪೊದೆಯನ್ನೇ ಹಾದು ಕಾಡಿನೊಳಗೆ ಹೋಯಿತು. ಪೊದೆಯಿಂದ ಗಂಧಣ್ಣ ಎಗರಿ ನೇರ ಎಲ್ಲರ ನಡುವೆ ಬಿದ್ದ.

ಯಾರೂ ಅವನನ್ನು ಹೊಡೆಯಲಿಲ್ಲ. ಸೂಜಿಯಪ್ಪನ ಮುಳ್ಳುಗಳು ಮಾತ್ರ ಸೆಟೆದು ನಿಂತವು.

"ನನ್ನ ಮನೆ ಕೆಳಗೆ ಏನು ತುಂಬಿದೆ?" ಎಂದು ಕೆಂಚವ್ವ ಕೇಳಿದಳು.

ಗಂಧಣ್ಣ ನೆಲ ನೋಡಿದ. "ಮುತ್ತುಗದ ಎಲೆ," ಎಂದ. "ಎಲೆ ಮೇಲೆ ನಾಲ್ಕು ಬೆರಳು ಎರೆ ಮಣ್ಣು."

"ಗೋಡೆಯ ನಡುವೆ?"

"ಗೋಡೆ... ಒಂದೇ ಪದರ ತಾಯಿ."

"ಮರಿಗಳ ಕಣ್ಣು?"

ಗಂಧಣ್ಣ ಬಾಲವನ್ನು ಕಾಲ ಸಂದಿಗೆ ಸೇರಿಸಿಕೊಂಡ. ಕೆಂಚವ್ವನ ಕೋಪ ಉಕ್ಕಿದ್ದು ಆಗಲೇ. ಕಲ್ಲು ಕದ್ದದ್ದನ್ನು ಅವಳು ನುಂಗಿಕೊಂಡಾಳು. ಇನ್ನೂ ಹುಟ್ಟದ ಮಕ್ಕಳ ಹೆಸರು ಹೇಳಿ ಹೆದರಿಸಿದ್ದನ್ನು ಹೇಗೆ ನುಂಗಿಕೊಳ್ಳುವುದು? ಆದರೂ ಅವಳು ಕೂಗಾಡಲಿಲ್ಲ. ಪಡುವಣದ ಮೋಡ ನೋಡಿದಳು.

"ಐದು ದಿನ ಇದೆ. ಎಲ್ಲರ ಕಲ್ಲನ್ನೂ ಅವರವರ ಮನೆಗೆ ಹೊತ್ತು ಹಾಕು. ನೀನೇ ಹೊರಬೇಕು. ನೀನೇ ಅಗೆಯಬೇಕು. ನಾವು ಗುಂಡಿಯ ಅಂಚಿನಲ್ಲಿ ಕೂತು ಎರಡೂ ಕಣ್ಣು ಬಿಟ್ಟು ನೋಡ್ತೀವಿ."

ಹಾಗೇ ಆಯಿತು. ಗಂಧಣ್ಣ ಕಲ್ಲು ಹೊತ್ತ. ಹೊತ್ತು ಹೊತ್ತು ಅವನ ಬೆನ್ನಿನ ಮೇಲೆ ಕಪ್ಪು ಬರೆ ಬಿದ್ದವು. ಪುನುಗು ಬೆಕ್ಕಿನ ಬೆನ್ನು ನೋಡಿ, ಆ ಬರೆ ಇವತ್ತಿಗೂ ಹೋಗಿಲ್ಲ. ಕೆಂಚವ್ವನ ಗುಂಡಿಯಿಂದ ಕೊಳೆತ ಎಲೆ ತೆಗೆದ. ಎರೆ ಮಣ್ಣು ತೆಗೆದ. "ಸಾಕಾ?" ಎಂದು ಮೇಲೆ ನೋಡಿದ.

"ಉಗುರು ತಾಗಿಸು," ಎಂದ ಚಿಪ್ಪಜ್ಜ.

'ಪಚ್' ಅಂತು.

"ಇನ್ನೂ ಅಗಿ."

ಎಷ್ಟು ಅಗೆದ ಅಂದರೆ ಮೇಲಿನ ಕೂಗು ಅವನಿಗೆ ಮುಟ್ಟಲು ಅರ್ಧ ದಿನ ಹಿಡಿಯುತ್ತಿತ್ತು. ಕೊನೆಗೊಮ್ಮೆ ತಳದಿಂದ 'ಕರ್ರ್' ಎಂದು ಕೇಳಿಸಿತು. ಕೆಂಪು ಗರಸು ಸಿಕ್ಕಿತು. ಹಸಿರು ಕಲ್ಲುಗಳು ಒತ್ತಾಗಿ ನಿಂತವು. ಸಂದಿಗೆ ಬೆಳ್ಳಕ್ಕ ಚೂರು ಬಡಿದಳು. ಮರಳು ಬಂತು, ನೀರು ಕುಡಿದು ಕೂತಿತು. ಇದ್ದಿಲು ಬಂತು, ಬೂದಿ ಮಣ್ಣು ಬಂತು. ಸೂಜಿಯಪ್ಪ ಅದರ ಮೇಲೆ ದಪದಪ ಕುಣಿದು ಧಮ್ಮಸ್ಸು ಮಾಡಿದ. ಎರಡು ಗೋಡೆಗಳ ನಡುವೆ ಕೆಂಚವ್ವ ತಾನೇ ಒಣಹುಲ್ಲು ತುಂಬಿದಳು. ಸಾರಣೆ ಒಣಗಿದ ಮೇಲೆ ಮೂಲೆಗೆ ಒಂದು ಬುರುಡೆ ನೀರು ಸುರಿದರು. ನೀರು ನಿಂತೇ ಇತ್ತು. ಅರಗಿಣಿಯೊಂದು ಬಂದು ಅದರಲ್ಲಿ ಮುಖ ನೋಡಿಕೊಂಡು ಹೋಯಿತು. ಗೋಡೆಯ ಮೇಲೆ ಬಳ್ಳಿ ಬರೆಯಲು ಮಾತ್ರ ಹೊತ್ತು ಸಿಗಲಿಲ್ಲ.

ಆಮೇಲೆ ಮೃಗಶಿರಾ ಹಿಡಿಯಿತು. ಅದೆಂಥ ಮಳೆ! ಹಳ್ಳದ ಮೀನುಗಳು ನೆಲ ಯಾವುದು ನೀರು ಯಾವುದು ತಿಳಿಯದೆ ಮರ ಹತ್ತಿ ಗೂಡು ಕಟ್ಟಿದವು. ಎರೆ ಮಣ್ಣು ಎದ್ದು ಮಗ್ಗುಲು ಬದಲಿಸಿತು. ಗಂಧಣ್ಣನ ಮನೆಯ ಕೆಳಗೆ ಈಗ ಒಂದೂ ಕಲ್ಲಿರಲಿಲ್ಲ; ಎಂಟು ಮೆಟ್ಟಿಲು, ನುಣುಪು ಗೋಡೆ ಎಲ್ಲ ಕೆಸರಿನಲ್ಲಿ ಮುಳುಗಿ, ತುತ್ತತುದಿಯ ಹುಲ್ಲು ಮಾತ್ರ ಕಂಡಿತು. ಬಂದು ಕಟ್ಟಿಕೊಡಿ ಎಂದು ಅವನು ಕರೆದರೆ ಯಾರೂ ಬರಲಿಲ್ಲ. ಅವನು ಒಂದು ಮರದ ಪೊಟರೆ ಸೇರಿದ. ಅಂದಿನಿಂದ ಪುನುಗು ಬೆಕ್ಕಿನ ವಾಸ ಮರದ ಮೇಲೆಯೇ.

ಮಳೆಯ ಏಳನೇ ದಿನ ಕೆಂಚವ್ವ ಮೂರು ಮರಿ ಹಾಕಿದಳು. ಒಂದು ಮಧ್ಯಾಹ್ನ ಅವಳಿಗೆ ಜೋಂಪು ಹತ್ತಿತ್ತು. ಎಚ್ಚರವಾಗಿ ನೋಡಿದರೆ ಸಣ್ಣ ಮರಿ ಹುಲ್ಲಿನ ಹಾಸಿಗೆಯಿಂದ ಉರುಳಿ ಬರೀ ನೆಲದ ಮೇಲೆ ಬಿದ್ದಿತ್ತು. ಹಾರಿ ಹೋಗಿ ಅದರ ಹೊಟ್ಟೆಗೆ ಮೂಗು ಇಟ್ಟಳು. ಹೊಟ್ಟೆ ಒಣಗಿತ್ತು, ಬೆಚ್ಚಗಿತ್ತು. ಎದೆ ಗೊರಗೊರ ಅನ್ನಲಿಲ್ಲ. ಕೆಂಚವ್ವ ಮರಿಯನ್ನು ಎತ್ತಲಿಲ್ಲ. ತಾನೂ ಬರೀ ನೆಲದ ಮೇಲೆ ಅದರ ಪಕ್ಕ ಮಲಗಿಕೊಂಡಳು. ಹೊರಗೆ ಮಳೆ ಸುರಿಯುತ್ತಲೇ ಇತ್ತು.

ನೀತಿ: ಕಣ್ಣಿಗೆ ಕಾಣದ ಕಡೆ ಮಾಡಿದ ಮೋಸ ಒಂದು ದಿನ ನೆಲ ಒಡೆದು ಮೇಲೆ ಬರುತ್ತದೆ. ಮನೆ ಕಟ್ಟಿಸುವವರು ಗೋಡೆಯ ನುಣುಪಿಗೆ ಮರುಳಾಗದೆ, ಯಾರು ಏನೇ ಹೆದರಿಸಿದರೂ, ತಳಪಾಯವನ್ನು ನಿಂತು ಕಣ್ಣಾರೆ ನೋಡಬೇಕು.